ನಮ್ಮ ಕಡೆ ಕೆಂಪೆಲೆ ಯಾವಾಗ, ಫೋಟೊ ಹೇಗೆ

ಅಕ್ಕ, ನೀವು ಕೇಳಿದ್ದು ಎರಡು. ಅಕ್ಟೋಬರ್ ರಜೆಗೆ ಮಡಿಕೇರಿಗೆ ಬಂದ್ರೆ ಫಾರಿನ್ ಫೋಟೊದಲ್ಲಿರೋ ಥರ ಕೆಂಪು ಎಲೆ ಸಿಗುತ್ತಾ ಅಂತ, ಮತ್ತೆ ಫೋನಲ್ಲಿ ತೆಗೆದ ಎಲೆ ಯಾಕೆ ಮಂಕಾಗಿ ಬರುತ್ತೆ ಅಂತ.

ಅಕ್ಟೋಬರಲ್ಲಿ ಸಿಗಲ್ಲ. ಪಂಚಾಂಗದ ಪ್ರಕಾರ ಅದು ಶರದೃತುವೇ, ಆದ್ರೆ ಮಳೆ ಈಗಷ್ಟೇ ಕಮ್ಮಿಯಾಗಿ ಎಲ್ಲ ಹಸಿರು ಹಸಿರು. ಫಾರಿನ್‌ನಲ್ಲಿ ಎಲೆ ಉದುರೋದು ಚಳಿಗೆ, ಇಲ್ಲಿ ಒಣಗಿದ ನೆಲಕ್ಕೆ. ಫೆಬ್ರವರಿ, ಮಾರ್ಚಲ್ಲಿ ಬನ್ನಿ. ತಿತಿಮತಿ, ನಾಗರಹೊಳೆ ಕಡೆ ತೇಗ, ಮತ್ತಿ ಎಲ್ಲ ಬೋಳಾಗಿರೋ ಹೊತ್ತಿಗೆ ಸಾಗಡೆ ಮರ ಚಿಗುರುತ್ತೆ ನೋಡಿ, ಇಡೀ ಮರಕ್ಕೆ ಕುಂಕುಮ ಎರಚಿದ ಹಾಗೆ. ಭಾಗಮಂಡಲದ ಕಡೆ ಒದ್ದೆ ಕಾಡಲ್ಲಾದ್ರೆ ನಾಗಸಂಪಿಗೆ. ಅದರ ಎಳೆ ಎಲೆ ಮೆತ್ತಗೆ, ತೆಳ್ಳಗೆ, ಗುಲಾಬಿಗೆಂಪಾಗಿ ಕೆಳಕ್ಕೆ ಜೋತುಬಿದ್ದಿರುತ್ತೆ. ಬಣ್ಣ ಕೊಡೋದು ಎರಡು ಕಡೆನೂ ಆಂಥೋಸಯನಿನ್ ಅನ್ನೋ ಕೆಂಪು ಬಣ್ಣದ ವಸ್ತುವೇ. ಆದ್ರೆ ನಮ್ಮದು ಹುಟ್ಟೋ ಎಲೆಯ ಕೆಂಪು, ಪತ್ರಹರಿತ್ತು ತುಂಬೋ ತನಕ ಎಳೆ ಎಲೆಗೆ ಬಿಸಿಲಿಂದ ಕಾವಲು. ಬಹಳ ದಿನ ಇರಲ್ಲ, ಹಸಿರಾಗಿಬಿಡುತ್ತೆ. ಉದುರೋ ಕೆಂಪೇ ಬೇಕು ಅಂದ್ರೆ ಬಾದಾಮಿ ಮರ ಸಾಕು, ಊರಲ್ಲೇ ಸಿಗುತ್ತೆ.

ಇನ್ನು ಫೋಟೊ. ಮಂಕಾಗೋಕೆ ಮುಖ್ಯ ಕಾರಣ ಸೂರ್ಯನನ್ನ ಬೆನ್ನ ಹಿಂದೆ ಇಟ್ಕೊಳ್ಳೋದು. ಆಗ ಎಲೆಯ ಮೇಲ್ಮೈ ಆಕಾಶದ ಬಿಳುಪನ್ನ ವಾಪಸ್ ಎಸೆದು ಬಣ್ಣ ಮುಚ್ಚುತ್ತೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರ ಒಳಗೆ, ಎಲೆ ನಿಮಗೂ ಸೂರ್ಯನಿಗೂ ಮಧ್ಯೆ ಬರೋ ಹಾಗೆ ನಿಂತ್ಕೊಳ್ಳಿ. ಹಿಂದೆ ನೆರಳಲ್ಲಿರೋ ಕಾಫಿ ಗಿಡ ಬರ್ಲಿ, ಆಕಾಶ ಬೇಡ. ಲೆನ್ಸ್ ಒರೆಸೋದು ಮರೀಬೇಡಿ, ಎದುರು ಬಿಸಿಲಲ್ಲಿ ಒಂದು ಬೆರಳಚ್ಚು ಸಾಕು ಇಡೀ ಚಿತ್ರ ಮಬ್ಬಾಗೋಕೆ. ಎಲೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನ ಸ್ವಲ್ಪ ಕೆಳಗೆ ಎಳೀರಿ. ಕ್ಯಾಮೆರಾ ಆದ್ರೆ ಬೆಳಕು ಏರಿಸಿ ಇಳಿಸೋ ಸೆಟ್ಟಿಂಗ್ (ಎಕ್ಸ್‌ಪೋಷರ್ ಕಾಂಪನ್ಸೇಷನ್) ಮೈನಸ್ 0.7ಕ್ಕೆ ಇಡಿ. ಹಿನ್ನೆಲೆ ಕಪ್ಪಾಗಿದ್ರೆ ಕ್ಯಾಮೆರಾ ತಾನಾಗೇ ಬೆಳಕು ಏರಿಸುತ್ತೆ, ಮೊದಲು ಕೆಡೋದೇ ಕೆಂಪು. ಒಂದೇ ಬಣ್ಣದ ತೇಪೆ ಥರ ಆಗಿ ನರಗಳೇ ಕಾಣಲ್ಲ. ಆಮೇಲೆ ಎಡಿಟಲ್ಲಿ ಸ್ಯಾಚುರೇಷನ್, ಅಂದ್ರೆ ಬಣ್ಣದ ಗಾಢತೆ, ಏರಿಸಿದ್ರೂ ಇದೇ ಗತಿ. ಬೆಳಕಿಗೆ ತಕ್ಕಂತೆ ಬಣ್ಣ ಸರಿಹೊಂದಿಸೋ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, ಡೇಲೈಟಿಗೆ ಇಡಿ. ಗಾಳಿ ಇದ್ರೆ ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನ ಬೇಡ. ಹಿನ್ನೆಲೆ ಮಬ್ಬು ಮಾಡೋ ಪೋರ್ಟ್ರೇಟ್ ಮೋಡ್ ಎಲೆಯಂಚನ್ನ ತಿಂದುಹಾಕುತ್ತೆ, ಹಾಕಲೇಬೇಡಿ. ತೀರಾ ಹತ್ತಿರ ಹೋದ್ರೆ ಫೋನಿಗೆ ಫೋಕಸ್ ಸಿಗಲ್ಲ, ಒಂದು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್ ಹಾಕಿ.

ಒಂದು ಮಾತು ಖಂಡಿತ ಕೇಳಿ. ಆನೆಚೌಕೂರು ಕಾಡು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳೀಬೇಡಿ, ಆನೆ ಓಡಾಡೋ ಜಾಗ. ದೇವರಕಾಡಲ್ಲಿ ಚಿಗುರು ಕೀಳೋದು ಬೇಡವೇ ಬೇಡ.

ಮತ್ತೆ ತೆಗೆದಿದ್ದನ್ನ ಗ್ರೂಪಿಗೆ ಹಾಕೋವಾಗ ಡಾಕ್ಯುಮೆಂಟ್ ಅಂತ ಕಳಿಸಿ. ಸುಮ್ನೆ ಫೋಟೊ ಅಂತ ಹಾಕಿದ್ರೆ ವಾಟ್ಸಾಪ್ ಕುಗ್ಗಿಸುತ್ತೆ, ಆ ಸಣ್ಣ ನರಗಳೆಲ್ಲ ಹೋಗಿಬಿಡ್ತವೆ.