18 ವರ್ಷದ ಸೆಂಟರ್‌ಗೆ ಟ್ರೈನಿಂಗ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ
ಬಝರ್‌ಬೀಟರ್ (ಬ್ಯಾಸ್ಕೆಟ್‌ಬಾಲ್ ತಂಡ ನಡೆಸುವ ಆನ್‌ಲೈನ್ ಆಟ) ಆಡುವವರು ಸ್ವಲ್ಪ ಹೇಳಿ. ಈ ಸಲದ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ಹಂಚುವಾಗ) ಇಬ್ಬರು ಹುಡುಗರು ಸಿಕ್ಕಿದ್ದಾರೆ. ಒಬ್ಬನಿಗೆ 18, ಏಳಡಿ ಎತ್ತರದ ಸೆಂಟರ್ (ಬುಟ್ಟಿಯ ಹತ್ತಿರ ಆಡುವವನು), ಪೊಟೆನ್ಶಿಯಲ್ (ಎಷ್ಟರವರೆಗೆ ಬೆಳೆಯಬಲ್ಲ ಅನ್ನೋ ಮಿತಿ) ಸೂಪರ್‌ಸ್ಟಾರ್. ಆದರೆ ರೀಬೌಂಡಿಂಗ್ 6 ಬಿಟ್ಟರೆ ಮಿಕ್ಕಿದ್ದೆಲ್ಲ 3, 4. ಇನ್ನೊಬ್ಬನಿಗೆ 19, ಆರಡಿ ಎರಡಿಂಚು, ಪೊಟೆನ್ಶಿಯಲ್ ಅದಕ್ಕಿಂತ ಕೆಳಗಿನ ಆಲ್‌ಸ್ಟಾರ್, ಜಂಪ್ ಶಾಟ್ ಈಗಲೇ 8. ಲೀಗ್‌ನಲ್ಲಿ ಈಗ ಕೆಲಸಕ್ಕೆ ಬರುವವನು ಎರಡನೆಯವನೇ, ಆದರೆ ಉದ್ದದವನನ್ನು ಮಾರಲು ಮನಸ್ಸಿಲ್ಲ. ಯಾರ ಮೇಲೆ ಟ್ರೈನಿಂಗ್ ಹಾಕಲಿ, ಯಾವ ಸ್ಕಿಲ್‌ನಿಂದ ಶುರು ಮಾಡಲಿ?

ಉತ್ತರ 1
ಉದ್ದದವನನ್ನು ಇಟ್ಟುಕೊಳ್ಳಿ. ಸ್ಕಿಲ್ ಕಲಿಸಬಹುದು, ಎತ್ತರ ಮತ್ತು ಪೊಟೆನ್ಶಿಯಲ್ ಕಲಿಸೋಕೆ ಆಗಲ್ಲ ಅಲ್ವಾ. ಆದರೆ ಸೆಂಟರ್ ಅಂತ ಹೇಳಿ ಸೀದಾ ಇನ್‌ಸೈಡ್ ಡಿಫೆನ್ಸ್‌ಗೆ (ಬುಟ್ಟಿಯ ಹತ್ತಿರದ ರಕ್ಷಣೆಗೆ) ಹಾಕಬೇಡಿ. ಎತ್ತರದವರಿಗೆ ಒಳಗಿನ ಸ್ಕಿಲ್‌ಗಳು ಬೇಗ ಏರುತ್ತವೆ, ಪಾಸಿಂಗ್, ಹ್ಯಾಂಡ್ಲಿಂಗ್, ಔಟ್‌ಸೈಡ್ ಡಿಫೆನ್ಸ್ ನಿಧಾನ. ಜೊತೆಗೆ ವಯಸ್ಸು ಏರಿದಷ್ಟೂ ಎಲ್ಲವೂ ನಿಧಾನವಾಗುತ್ತದೆ. ಹಾಗಾಗಿ ಕಷ್ಟದ್ದನ್ನು ಈಗಲೇ ಮುಗಿಸಿ, ಸುಲಭದ್ದು 21, 22ರಲ್ಲೂ ಬರುತ್ತದೆ. ಬರೀ ಒಳಗಿನ ಸ್ಕಿಲ್ ತುಂಬಿದ ಸೆಂಟರ್‌ಗೆ ಸಂಬಳ ವಿಪರೀತ ಏರುತ್ತದೆ, ಆಮೇಲೆ ಅವನನ್ನು ಕೊಳ್ಳುವವರು ಕಡಿಮೆ.

ಉತ್ತರ 2
ಮೇಲಿನವರು ಹೇಳಿದ್ದು ಸರಿ, ಆದರೆ ಅದಕ್ಕೆ ಏನು ತೆರಬೇಕು ಅನ್ನೋದನ್ನೂ ನೋಡಿ. ಪಾಸಿಂಗ್ ಕಲಿಯಬೇಕಾದರೆ ಆ ಏಳಡಿ ಹುಡುಗ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವನು) ಜಾಗದಲ್ಲೇ ಆಡಬೇಕು. ಪೂರ್ತಿ ಟ್ರೈನಿಂಗ್ ಸಿಗಲು ವಾರಕ್ಕೆ 48 ನಿಮಿಷ ಬೇಕು. ಲೀಗ್ ಪಂದ್ಯದಲ್ಲಿ ಹೀಗೆ ಆಡಿಸಿದರೆ ಸೋಲು ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ, ಅದಕ್ಕೆ ಅವನನ್ನು ಸ್ಕ್ರಿಮೇಜ್‌ಗೆ (ಅಭ್ಯಾಸ ಪಂದ್ಯಕ್ಕೆ) ಬಿಡಿ. ವಾರಕ್ಕೆ ಮೂರು ಪಂದ್ಯ ಅಂದರೆ ಒಂದು ಪೊಸಿಷನ್‌ನಲ್ಲಿ 144 ನಿಮಿಷ, ಅಂದರೆ ಮೂರು ಜನಕ್ಕೆ ಸರಿಹೋಗುತ್ತದೆ. ನಿಮ್ಮ ಗಾರ್ಡ್‌ಗೂ, ಅಂದರೆ ಆ 19ರ ಹುಡುಗನಿಗೂ, ಅದೇ ಪಾಸಿಂಗ್ ಬೇಕೇ ಬೇಕು. ಅವನು ಲೀಗ್‌ನಲ್ಲಿ ಆಡಲಿ, ಉದ್ದದವನು ಸ್ಕ್ರಿಮೇಜ್‌ನಲ್ಲಿ. ಇಬ್ಬರಲ್ಲಿ ಒಬ್ಬನನ್ನೇ ಆರಿಸಬೇಕು ಅಂತ ಯಾಕೆ ಅಂದುಕೊಂಡಿದ್ದೀರಿ?

ಎರಡು ಪೊಸಿಷನ್‌ನವರಿಗೆ ಒಟ್ಟಿಗೆ ಕಲಿಸುವ ಟ್ರೈನಿಂಗ್‌ಗೆ ಮಾತ್ರ ಹೋಗಬೇಡಿ. ಜಾಸ್ತಿ ಜನ ಸೇರುತ್ತಾರೆ, ಆದರೆ ಪ್ರತಿಯೊಬ್ಬನಿಗೂ ಸಿಗುವುದು ಕಡಿಮೆ. 18, 19ರ ವಾರಗಳನ್ನು ಹಾಗೆ ಸುಮ್ನೆ ಕಳೆಯಬಾರದು.

ಪ್ರಶ್ನೆ ಕೇಳಿದವರು
ಇದು ಹೊಳೆದಿರಲಿಲ್ಲ, ತುಂಬಾ ಥ್ಯಾಂಕ್ಸ್. ಆದರೆ ಆಲ್‌ಸ್ಟಾರ್ ಪೊಟೆನ್ಶಿಯಲ್ ಬೇಗ ಮುಗಿದುಹೋಗಲ್ವಾ? ಮತ್ತೆ ಸ್ಕ್ರಿಮೇಜ್‌ನಲ್ಲಿ ಕೋಚ್ ಅವನನ್ನು ಮಧ್ಯೆ ಹೊರಗೆ ಕೂರಿಸಿದರೆ?

ಉತ್ತರ 2
ಮಿತಿ ಹತ್ತಿರ ಬಂದಾಗ ಟ್ರೈನಿಂಗ್ ತೀರಾ ನಿಧಾನವಾಗುತ್ತದೆ, ನಿಜ. ಜಂಪ್ ಶಾಟ್ ಒಂದನ್ನೇ ಏರಿಸುತ್ತಾ ಹೋದರೆ ಆ ಮಿತಿ ಬೇಗ ಬರುತ್ತದೆ, ಹಂಚಿ ಕಲಿಸಿದರೆ ತಡವಾಗಿ. ನಿಮಿಷದ ವಿಷಯಕ್ಕೆ ಬಂದರೆ, ಪಾಯಿಂಟ್ ಗಾರ್ಡ್ ಸಾಲಿನಲ್ಲಿ ಸ್ಟಾರ್ಟರ್, ಬ್ಯಾಕಪ್, ರಿಸರ್ವ್ ಮೂರಕ್ಕೂ ಅವನ ಹೆಸರೇ ಹಾಕಿ. ಬೇರೆ ಸಾಲುಗಳಲ್ಲಿ ಅವನ ಹೆಸರು ಎಲ್ಲೂ ಇರಬಾರದು. ಐದು ಫೌಲ್ ದಾಟಿ ಹೊರಗೆ ಬಿದ್ದರೆ ಅಥವಾ ಗಾಯವಾದರೆ ಮಾತ್ರ ಆ ವಾರದ ನಿಮಿಷ ಕಡಿಮೆಯಾಗುತ್ತದೆ.