ಅಪರೂಪದ ಸಂಗ್ರಹದ ವಾರ್ಷಿಕ ಲೆಕ್ಕ: ಯಾವ ಸಂಖ್ಯೆಯನ್ನು ನಂಬುವುದು?

ಅಪರೂಪದ ಪುಸ್ತಕ, ಹಸ್ತಪ್ರತಿಗಳ ವಿಭಾಗದ ಹೊಣೆ ಹೊಸದಾಗಿ ವಹಿಸಿಕೊಂಡವರೊಬ್ಬರು ಸಲಹೆ ಕೇಳಿದ್ದಾರೆ. ಈ ವರ್ಷ ಸಂಗ್ರಹ ಎಷ್ಟು ಬೆಳೆಯಿತು, ಎಷ್ಟು ಕ್ಯಾಟಲಾಗ್ ಆಯಿತು ಎಂದು ಅವರು ವರದಿ ಕೊಡಬೇಕು. ಸಾಫ್ಟ್‌ವೇರ್ ಒಂದು ಸಂಖ್ಯೆ ತೋರಿಸುತ್ತದೆ, ಅಕ್ಸೆಶನ್ ರಿಜಿಸ್ಟರ್ (ಬಂದದ್ದಕ್ಕೆಲ್ಲ ಕ್ರಮಸಂಖ್ಯೆ ಕೊಟ್ಟು ಬರೆದಿಡುವ ಪುಸ್ತಕ) ಇನ್ನೊಂದು. ಹಳೆಯ ವರದಿಗಳಂತೂ ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಯಾವುದನ್ನು ನಂಬಲಿ ಎಂಬುದು ಅವರ ಪ್ರಶ್ನೆ. ನಾನೂ ಇದೇ ಕೆಲಸದಲ್ಲಿರುವುದರಿಂದ, ಜೊತೆಯವರಿಂದ ಕಲಿತದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಎರಡೂ ಸಂಖ್ಯೆ ಸರಿಯಿರಬಹುದು. ಅವು ಎಣಿಸುತ್ತಿರುವುದು ಬೇರೆ ಬೇರೆ, ಅಷ್ಟೇ. ಹಿಂದೆ ಯಾರೋ ಐದು ಚಿಕ್ಕ ಪುಸ್ತಕಗಳನ್ನು ಒಟ್ಟಿಗೆ ಬೈಂಡ್ ಮಾಡಿಸಿದ್ದಾರೆ ಅಂದುಕೊಳ್ಳಿ. ಕಪಾಟಿನಲ್ಲಿ ಅದು ಒಂದೇ ಸಂಪುಟ, ಅಕ್ಸೆಶನ್ ನಂಬರ್ ಕೂಡ ಒಂದೇ. ಕ್ಯಾಟಲಾಗಿನಲ್ಲಿ ಮಾತ್ರ ಐದು ದಾಖಲೆ. ಓಲೆಗರಿಯಲ್ಲೂ ಹೀಗೆಯೇ. ಕಟ್ಟು ಒಂದು, ಒಳಗೆ ಕೃತಿ ಮೂರೋ ನಾಲ್ಕೋ. ಖಾಸಗಿ ಪತ್ರಗಳ ಸಂಗ್ರಹ ಬಂದರೆ ಇದು ತಲೆಕೆಳಗಾಗುತ್ತದೆ: ಹತ್ತಾರು ಪೆಟ್ಟಿಗೆ, ಸಾವಿರಾರು ಹಾಳೆ, ಕ್ಯಾಟಲಾಗಿನಲ್ಲಿ ಒಂದೇ ದಾಖಲೆ.

ಅದಕ್ಕೇ ಮೂರು ಕಾಲಂ ಇಡಿ: ಶೀರ್ಷಿಕೆ ಎಷ್ಟು, ಕೈಗೆ ಸಿಗುವ ವಸ್ತು (ಸಂಪುಟ, ಕಟ್ಟು, ಪೆಟ್ಟಿಗೆ) ಎಷ್ಟು, ಕಪಾಟಿನಲ್ಲಿ ಎಷ್ಟು ಮೀಟರ್ ಜಾಗ ಹಿಡಿಯಿತು. ಇವನ್ನು ಕೂಡಿಸಿ ಒಂದು ಮೊತ್ತ ಮಾಡಬೇಡಿ. ಅಮೆರಿಕದ ಆರ್ಕಿವಿಸ್ಟರ (ಹಳೆಯ ದಾಖಲೆಪತ್ರಗಳನ್ನು ಕಾಪಾಡುವವರ) ಸಂಘವೂ ಅಲ್ಲಿನ ಕಾಲೇಜು ಗ್ರಂಥಾಲಯಗಳ ಒಕ್ಕೂಟದ ಅಪರೂಪದ ಪುಸ್ತಕ ವಿಭಾಗವೂ ಸೇರಿ 2019ರಲ್ಲಿ ಇಂಥ ಸಂಗ್ರಹಗಳ ಎಣಿಕೆಗೆಂದೇ ಮಾರ್ಗಸೂಚಿ ತಂದಿವೆ. ಶೀರ್ಷಿಕೆ, ವಸ್ತು, ಜಾಗ ಇವನ್ನು ಬೇರೆ ಬೇರೆಯಾಗಿಯೇ ನೋಡಬೇಕು ಎಂಬುದು ಅದರ ನಿಲುವು. ಸಾಮಾನ್ಯ ಗ್ರಂಥಾಲಯ ಅಂಕಿಅಂಶಕ್ಕೆ ಐಎಸ್‌ಒ 2789 ಎಂಬ ಅಂತಾರಾಷ್ಟ್ರೀಯ ಮಾನದಂಡ ಇದೆ. ಎರಡನ್ನೂ ಒಮ್ಮೆ ಓದಿ. ನಿಮ್ಮದೇ ವ್ಯಾಖ್ಯೆ ಬರೆದುಕೊಳ್ಳುವಾಗ ತುಂಬಾ ಸಹಾಯವಾಗುತ್ತದೆ.

ಬೆಳವಣಿಗೆಯನ್ನು ಹಣದ ಲೆಕ್ಕ ಬರೆದ ಹಾಗೆ ಬರೆಯಿರಿ. ಆರಂಭ ಶಿಲ್ಕು, ಅದಕ್ಕೆ ಬಂದದ್ದು, ಅದರಲ್ಲಿ ಹೋದದ್ದು, ಕೊನೆಗೆ ಅಖೈರು ಶಿಲ್ಕು. ಈ ವರ್ಷದ ಅಖೈರೇ ಮುಂದಿನ ವರ್ಷದ ಆರಂಭ. ಎಷ್ಟೋ ಕಡೆ ಬಂದದ್ದನ್ನು ಮಾತ್ರ ಬರೆಯುತ್ತಾರೆ. ರದ್ದಾದದ್ದು, ಕಾಣೆಯಾದದ್ದು, ಬೇರೆ ವಿಭಾಗಕ್ಕೆ ಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಕೆಲವು ವರ್ಷ ಹೀಗೆ ನಡೆದರೆ ಕಾಗದದ ಮೇಲಿನ ಸಂಗ್ರಹವೇ ಬೇರೆ, ಕಪಾಟಿನಲ್ಲಿರುವುದೇ ಬೇರೆ ಆಗಿಬಿಡುತ್ತದೆ.

ಬಂದದ್ದರಲ್ಲೂ ಖರೀದಿ, ದಾನ, ವರ್ಗಾವಣೆ ಎಂದು ಬಿಡಿಸಿ. ಸಾಮಾನ್ಯ ವಿಭಾಗದ ಹಳೆಯ ಪುಸ್ತಕವೊಂದು ನಿಮ್ಮಲ್ಲಿಗೆ ಬಂದರೆ ನಿಮ್ಮ ವಿಭಾಗ ಬೆಳೆಯಿತು, ಇಡೀ ಗ್ರಂಥಾಲಯ ಬೆಳೆಯಲಿಲ್ಲ, ಅಲ್ವಾ? ವರ್ಗಾವಣೆಯನ್ನು ಬೇರೆ ತೋರಿಸದಿದ್ದರೆ ಅದನ್ನು ಎರಡು ಸಲ ಎಣಿಸಿದಂತಾಗುತ್ತದೆ. ಒಡೆತನ ತಮ್ಮಲ್ಲೇ ಇಟ್ಟುಕೊಂಡು ಜೋಪಾನಕ್ಕೆಂದು ಯಾರಾದರೂ ಕೊಟ್ಟದ್ದಿದ್ದರೆ ಅದಕ್ಕೂ ಪ್ರತ್ಯೇಕ ಸಾಲು ಬೇಕು. ನಾಳೆ ಅವರು ವಾಪಸ್ ಕೇಳಬಹುದು. ಸ್ಕ್ಯಾನ್ ಮಾಡಿದ ಚಿತ್ರಗಳನ್ನಂತೂ ಹೊಸ ಸೇರ್ಪಡೆ ಎಂದು ತೋರಿಸಲೇಬೇಡಿ. ಅವು ಇರುವ ವಸ್ತುವಿನ ನಕಲು. ಫೈಲ್ ಎಷ್ಟು, ಗಿಗಾಬೈಟ್ ಎಷ್ಟು ಎಂದು ಬೇರೆ ಪಟ್ಟಿಯಲ್ಲಿ ಹಾಕಿ.

ಇನ್ನು ಸಾಫ್ಟ್‌ವೇರ್ ವಿಷಯ. ಜಾಸ್ತಿ ಗೊಂದಲ ಹುಟ್ಟುವುದು ಇಲ್ಲೇ. ಕ್ಯಾಟಲಾಗ್ ವಿವರವನ್ನು ಕಂಪ್ಯೂಟರಿನಲ್ಲಿ ಸಂಖ್ಯೆ ಕೊಟ್ಟ ಫೀಲ್ಡ್‌ಗಳಲ್ಲಿ, ಅಂದರೆ ಖಾನೆಗಳಲ್ಲಿ, ಇಡುವ ರೂಪಕ್ಕೆ ಮಾರ್ಕ್ ಎನ್ನುತ್ತಾರೆ. ಮಾರ್ಕ್ ದಾಖಲೆಯಲ್ಲಿ ದಿನಾಂಕಗಳು ಹಲವು ಕಡೆ ಇರುತ್ತವೆ, ಒಂದೊಂದರ ಅರ್ಥವೂ ಬೇರೆ. 005 ಫೀಲ್ಡ್ ದಾಖಲೆ ಕೊನೆಯ ಸಲ ಬದಲಾದ ಹೊತ್ತನ್ನು ಹೇಳುತ್ತದೆ. ಯಾರಾದರೂ ಒಂದು ಹೆಸರಿನ ರೂಪವನ್ನು ಸಾವಿರ ದಾಖಲೆಗಳಲ್ಲಿ ಒಂದೇ ಏಟಿಗೆ ತಿದ್ದಿದರೆ, ಆ ಸಾವಿರದ 005 ಕೂಡ ಅದೇ ದಿನಕ್ಕೆ ಬದಲಾಗುತ್ತದೆ. ಅದನ್ನು ನೋಡಿ ಈ ವರ್ಷ ಸಾವಿರ ಕ್ಯಾಟಲಾಗ್ ಆಯಿತು ಅನ್ನುವ ಹಾಗಿಲ್ಲ. 008 ಫೀಲ್ಡಿನ ಮೊದಲ ಆರು ಅಂಕೆ ದಾಖಲೆ ಹುಟ್ಟಿದ ದಿನಾಂಕ. ಆದರೆ ಬೇರೆ ಕಡೆಯಿಂದ ದಾಖಲೆ ಇಳಿಸಿಕೊಂಡಿದ್ದರೆ ಅದು ಅಲ್ಲಿ ಹುಟ್ಟಿದ ದಿನವಾಗಿರಬಹುದು, ನಿಮ್ಮಲ್ಲಿಗೆ ಬಂದ ದಿನವಲ್ಲ.

ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರ್ ಬಳಸುವವರಾದರೆ ಸೇರ್ಪಡೆಯ ಲೆಕ್ಕವನ್ನು ಪ್ರತಿಯ ಅಕ್ಸೆಶನ್ ದಿನಾಂಕದಿಂದ, ಅಂದರೆ 952 ಫೀಲ್ಡಿನ ಡಿ ಉಪಫೀಲ್ಡಿನಿಂದ ತೆಗೆಯುವುದು ಒಳ್ಳೆಯದು. ಅಳಿಸಿದ ಪ್ರತಿಗಳು ಬೇರೆ ಟೇಬಲ್‌ಗೆ ಹೋಗಿರುತ್ತವೆ. ಹೋದದ್ದರ ಲೆಕ್ಕಕ್ಕೆ ಅಲ್ಲೂ ನೋಡಿ. ಹಳೆಯ ಸಾಫ್ಟ್‌ವೇರ್‌ನಿಂದ ಡೇಟಾ ತಂದಿದ್ದರೆ, ಒಂದೇ ದಿನಾಂಕದಲ್ಲಿ ರಾಶಿ ದಾಖಲೆ ಕಂಡರೆ ಅದು ಡೇಟಾ ತಂದ ದಿನವೇ ಇರಬೇಕು. ಅದನ್ನು ಲೆಕ್ಕದಿಂದ ಬಿಡಿ.

ಕ್ಯಾಟಲಾಗಿಂಗ್ ಲೆಕ್ಕಕ್ಕೆ ಈ ಯಾವ ದಿನಾಂಕವೂ ಸಾಲದು. ನಮ್ಮಲ್ಲಿ ಕೆಲಸ ಮುಗಿದ ಕೂಡಲೇ ದಾಖಲೆಯ ಸ್ಥಳೀಯ ಫೀಲ್ಡಿನಲ್ಲಿ ಚಿಕ್ಕ ಗುರುತು ಹಾಕುತ್ತೇವೆ. ಯಾವ ಬಗೆಯ ಕೆಲಸ, ಯಾವ ತಿಂಗಳು, ಇಷ್ಟೇ. ಬಗೆ ನಾಲ್ಕು: ಮೊದಲಿನಿಂದ ಬರೆದದ್ದು, ಇಳಿಸಿಕೊಂಡು ತಿದ್ದಿದ್ದು, ನಮ್ಮದೇ ಹಳೆಯ ದಾಖಲೆಯನ್ನು ಉತ್ತಮಪಡಿಸಿದ್ದು, ಇಡೀ ಸಂಗ್ರಹಕ್ಕೆ ವಿವರಪಟ್ಟಿ ಮಾಡಿದ್ದು. ಮೂರನೆಯದನ್ನು ದಯವಿಟ್ಟು ಬಿಡಬೇಡಿ. ಹಳೆಯ ಕಾರ್ಡಿನಿಂದ ಬಂದ ಎರಡು ಸಾಲಿನ ದಾಖಲೆಗೆ ಮುದ್ರಕನ ಹೆಸರು, ಹಾಳೆ ಮಡಿಕೆಗಳ ವಿವರ, ಹಿಂದಿನ ಒಡೆಯರ ಸಹಿ, ಬೈಂಡಿಂಗಿನ ಟಿಪ್ಪಣಿ ಸೇರಿಸುವುದೆಂದರೆ ಸುಮ್ನೆ ಆಗುವ ಕೆಲಸವಲ್ಲ. ಒಂದು ಪುಸ್ತಕಕ್ಕೇ ಅರ್ಧ ದಿನ ಹಿಡಿಯಬಹುದು. ಶೀರ್ಷಿಕೆಗಳ ಸಂಖ್ಯೆ ಮಾತ್ರ ನೋಡಿದರೆ ಆ ದುಡಿಮೆ ಸೊನ್ನೆಯಾಗಿ ಕಾಣುತ್ತದೆ. ಅದು ಕೆಲಸ ಮಾಡಿದವರಿಗೆ ಆಗುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಬಾಕಿಯನ್ನೂ ತೋರಿಸಿ. ಕ್ಯಾಟಲಾಗ್ ಆಗದೆ ಉಳಿದದ್ದು ವರ್ಷದ ಮೊದಲಿಗೆ ಎಷ್ಟಿತ್ತು, ಕೊನೆಗೆ ಎಷ್ಟಾಯಿತು. ದೊಡ್ಡ ದಾನವೊಂದು ಬಂದ ವರ್ಷ ಎಷ್ಟು ದುಡಿದರೂ ಬಾಕಿ ಏರುತ್ತದೆ. ಇನ್ನೊಬ್ಬರನ್ನು ನೇಮಿಸಿ ಎಂದು ಕೇಳುವಾಗ ಆ ಒಂದು ಸಾಲು ಬಹಳ ಬಲ ಕೊಡುತ್ತದೆ. ಬಿಡಿಬಿಡಿಯಾಗಿ ಎಣಿಸಲಾಗದ ಫೋಟೋ, ಪತ್ರಗಳಿದ್ದರೆ ಒಂದೆರಡು ಪೆಟ್ಟಿಗೆ ಪೂರ್ತಿ ಎಣಿಸಿ, ಉಳಿದದ್ದಕ್ಕೆ ಅಂದಾಜು ಹಾಕಿ, ಪಕ್ಕದಲ್ಲಿ ಅಂದಾಜು ಎಂದೇ ಬರೆಯಿರಿ.

ಹಳೆಯ ವರದಿಗಳ ಬಗ್ಗೆ ಕೇಳಿದ್ದೀರಿ. ಅವನ್ನು ತಿದ್ದಲು ಹೋಗಬೇಡಿ. ಆಗ ಏನನ್ನು ಎಣಿಸಿದ್ದರು ಎಂಬುದು ಗೊತ್ತಿಲ್ಲದೆ ತಿದ್ದಿದರೆ ಇನ್ನೊಂದು ತಪ್ಪು ಸಂಖ್ಯೆ ಹುಟ್ಟುತ್ತದೆ. ಈ ವರ್ಷದಿಂದ ಎಣಿಕೆಯ ರೀತಿ ಬದಲಾಗಿದೆ, ಹಿಂದಿನ ಅಂಕಿಗಳ ಜೊತೆ ನೇರವಾಗಿ ಹೋಲಿಸಬಾರದು ಎಂದು ಪಟ್ಟಿಯ ಕೆಳಗೇ ಒಂದು ಟಿಪ್ಪಣಿ ಹಾಕಿ. ವ್ಯಾಖ್ಯೆ, ಸಾಫ್ಟ್‌ವೇರ್‌ನಿಂದ ಲೆಕ್ಕ ತೆಗೆಯಲು ಬಳಸಿದ ಕ್ವೆರಿ, ಅದನ್ನು ಓಡಿಸಿದ ದಿನಾಂಕ, ವರದಿಯ ವರ್ಷ ಯಾವಾಗ ಶುರು, ಯಾವಾಗ ಮುಗಿಯಿತು, ಎಲ್ಲವನ್ನೂ ಒಂದು ಪುಟದಲ್ಲಿ ಬರೆದು ವರದಿಯ ಜೊತೆಗೇ ಇಡಿ. ಆರಂಭ ಶಿಲ್ಕು ಮಾತ್ರ ಯಾವ ಹಳೆಯ ವರದಿಯಿಂದಲೂ ತೆಗೆಯಬೇಡಿ. ಸಾಧ್ಯವಾದರೆ ಈ ಸಲ ಕಪಾಟಿನ ಮುಂದೆ ನಿಂತು, ಒಂದು ತುದಿಯಿಂದ ಎಣಿಸಿಯೇ ಬರೆಯಿರಿ.