ಕಾಲುವೆ ನೀರು ಕೇಂದ್ರದ್ದಾ, ರಾಜ್ಯದ್ದಾ?

ಹೊಳಲ್ಕೆರೆಯಿಂದ: ಮೊನ್ನೆ ತೋಟದಲ್ಲಿ 700 ಅಡಿ ಬೋರ್ ಕೊರೆಸಿದೆವು, ಬಂದಿದ್ದು ಬರೀ ಬಿಳಿ ಪುಡಿ. ಅಡಿಕೆ ಗರಿ ಒಣಗ್ತಿದೆ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ ನೀರಿಗೆ ಯಾರನ್ನು ಕೇಳಬೇಕು?

ಚಿತ್ರದುರ್ಗದಿಂದ: ಇಬ್ಬರನ್ನೂ ಕೇಳಬೇಕು ಅಣ್ಣ. ಕೇಂದ್ರ, ರಾಜ್ಯಗಳ ಅಧಿಕಾರ ಹಂಚುವ ಸಂವಿಧಾನದ 7ನೇ ಅನುಸೂಚಿಯಲ್ಲಿ ನೀರು, ನೀರಾವರಿ, ಕಾಲುವೆ ರಾಜ್ಯ ಪಟ್ಟಿಯಲ್ಲಿವೆ. ಆದರೆ ಭದ್ರೆ ತುಂಗೆಯ ಜೊತೆ ಸೇರಿ ಕೃಷ್ಣೆಗೆ ಹೋಗುತ್ತಾಳೆ, ಕೆಳಗೆ ತೆಲಂಗಾಣ, ಆಂಧ್ರದವರೂ ಕಾಯ್ತಿದ್ದಾರೆ, ಹಾಗಾಗಿ ಅಂತರರಾಜ್ಯ ನದಿ ಅಂದಾಗ ಸಂಸತ್ತಿಗೂ ಕಾನೂನು ಮಾಡುವ ಅಧಿಕಾರ ಇದೆ. ಹಂಚಿಕೆ ಜಗಳ ಬಂದರೆ ನ್ಯಾಯಮಂಡಳಿ.

ದಾವಣಗೆರೆಯಿಂದ: ದುಡ್ಡಿನ ಮಾತು ಬೇರೆ. ದೊಡ್ಡ ತೆರಿಗೆಗಳು ಜಾಸ್ತಿ ಕೇಂದ್ರದ ಕೈಲಿವೆ, ಅಲ್ವಾ? 2023ರ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ಘೋಷಿಸಿದ್ದರು. ಅದನ್ನು ಎಂಪಿ ಹತ್ತಿರ ಕೇಳಿ, ಕಾಲುವೆ ಕೆಲಸ ಎಂಎಲ್‌ಎ ಹತ್ತಿರ ಕೇಳಿ. ಸುಮ್ನೆ ಕೂರಬೇಡಿ.